ಪಟ್ಟಿಯಲ್ಲಿ ಇಲ್ಲದ ಮನೆ

“ಒಂದು ಊರ ಕಟ್ಟಿಕೊಡಬೇಕ ತಂಗಿ,” ಎಂದರು ನಿಜಗುಣಪ್ಪ ಮಾಸ್ತರು, ಕುರ್ಚಿಯಲ್ಲಿ ಸರಿಯಾಗಿ ಕೂರುವುದಕ್ಕೂ ಮೊದಲೇ.

೨೦೦೨ರ ಯುಗಾದಿ ಕಳೆದ ವಾರ ಅದು. ಸವದತ್ತಿ ಬಸ್‌ಸ್ಟ್ಯಾಂಡಿನ ಎದುರು, ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಗೌತಮಿ ಐದು ಕಂಪ್ಯೂಟರ್ ಇಟ್ಟು ಕ್ಲಾಸು ನಡೆಸುತ್ತಿದ್ದಳು. ಬೆಳಗಿನ ಬ್ಯಾಚು ಹೋಗಿ ಮಧ್ಯಾಹ್ನದ್ದು ಬರುವ ತನಕ ಮೂರು ತಾಸು ಅವಳದೇ. ಆ ಹೊತ್ತಿನಲ್ಲಿ ಅಂಗಡಿಯವರಿಗೆ, ಸಾಲೆಯವರಿಗೆ ಸಣ್ಣಪುಟ್ಟ ಪ್ರೋಗ್ರಾಮ್ ಬರೆದುಕೊಡುತ್ತಿದ್ದಳು. ಊರು ಕಟ್ಟಿಕೊಡಿ ಎಂದು ಕೇಳಿಕೊಂಡು ಬಂದವರು ಇವರೊಬ್ಬರೇ.

ಮಾಸ್ತರು ಕಂಕುಳಲ್ಲಿದ್ದ ಗ್ರಾಫ್ ಹಾಳೆಯನ್ನು ಮೇಜಿನ ಮೇಲೆ ಬಿಚ್ಚಿದರು. ಪೆನ್ಸಿಲ್ಲಿನಲ್ಲಿ ಎಳೆದ ಓಣಿಗಳು, ಚೌಕಗಳು, ಒಂದು ಗುಡಿ, ಎರಡು ಬಾವಿ, ಪಕ್ಕದಲ್ಲಿ ಹೊಳೆ. ಊರಿನ ಹೆಸರು ಸಿಂಗರಹಾಳ. ಮಲಪ್ರಭೆಗೆ ಆಣೆಕಟ್ಟು ಕಟ್ಟಿದಾಗ, ಎಪ್ಪತ್ತೆರಡರ ಮಳೆಗಾಲದಲ್ಲಿ, ಹಿನ್ನೀರಿನಲ್ಲಿ ಮುಳುಗಿದ್ದು. ಮಾಸ್ತರು ಆಗ ಅಲ್ಲಿಯ ಸಾಲೆಯಲ್ಲಿದ್ದರು, ಮೂವತ್ತು ವರ್ಷದ ಗಂಡಸು. ಊರ ಜನ ಅರ್ಧ ಹೊಸ ವಸತಿಗೆ ಹೋದರು, ಉಳಿದವರು ಬೈಲಹೊಂಗಲ, ಕಿತ್ತೂರು, ರಾಮದುರ್ಗ ಎಂದು ದಿಕ್ಕಿಗೊಬ್ಬರಾದರು. ರಿಟೈರ್ ಆದ ಮೇಲೆ ಮಾಸ್ತರು ಅವರನ್ನೆಲ್ಲ ಹುಡುಕಿಕೊಂಡು ಹೋಗಿ, ಯಾವ ಓಣಿಯ ಯಾವ ಮನೆಯಲ್ಲಿ ಯಾರ‍್ಯಾರಿದ್ದರೆಂದು ಒಂದೊಂದು ಫಾರ್ಮ್ ತುಂಬಿಸಿಕೊಂಡು ಬರುತ್ತಿದ್ದರು.

“ನೆನಪ ಇದ್ದವರು ಒಬ್ಬೊಬ್ಬರ ಹೊಂಟಾರ. ಪರದೇ ಮ್ಯಾಲೆ ಊರ ಕಾಣಬೇಕು, ಮನೀ ಮ್ಯಾಲೆ ಒತ್ತಿದ್ರ ಅದರಾಗಿನ ಮಂದಿ ಹೆಸರ ಬರಬೇಕು. ಆಗತದ?”

“ಆಗ್ತದರಿ ಸರ್. ಎಷ್ಟು ಮನಿ ಇದ್ದವು?”

ಮಾಸ್ತರು ಹಾಳೆಯ ಮೇಲೆ ಕೈಯಾಡಿಸಿದರು. “ಅದs ನೋಡು. ವಾರಕ್ಕೊಂದು ಮನಿ ನೆನಪಾಗತೈತಿ.”

ಎಷ್ಟು ಮನೆ ಎಂದು ಮೊದಲೇ ಗೊತ್ತಿದ್ದರೆ, ಒಂದೊಂದು ಮನೆಗೂ ಒಂದೊಂದು ಬಟನ್ನನ್ನು ಕೈಯಿಂದಲೇ ಎಳೆದು ಇಟ್ಟುಬಿಡಬಹುದಿತ್ತು. ಇಲ್ಲಿ ಹಾಗಾಗುವಂತಿರಲಿಲ್ಲ. ಗೌತಮಿ ಪರದೆಯ ಮೂಲೆಯಲ್ಲಿ ಒಂದೇ ಒಂದು ಬಟನ್ ಇಟ್ಟು, ಅದನ್ನು ಕಾಣದಂತೆ ಮಾಡಿ, ಬೀಜದ ಹಾಗೆ ಉಳಿಸಿಕೊಂಡಳು. ಪ್ರೋಗ್ರಾಮ್ ಓಡತೊಡಗಿದ ಮೇಲೆ ಅದು ಮನೆಗಳ ಪಟ್ಟಿಯನ್ನು ಓದುವುದು, ಪಟ್ಟಿಯಲ್ಲಿ ಎಷ್ಟು ಮನೆಯೋ ಅಷ್ಟು ಬಟನ್ನುಗಳನ್ನು ಆ ಬೀಜದಿಂದ ಹುಟ್ಟಿಸುವುದು, ಒಂದೊಂದನ್ನೂ ಗ್ರಾಫ್ ಹಾಳೆಯಲ್ಲಿದ್ದ ಜಾಗಕ್ಕೇ ಒಯ್ದು ನಿಲ್ಲಿಸಿ, ಮೇಲೆ ಮನೆತನದ ಹೆಸರು ಬರೆಯುವುದು. ಮನೆಯ ಮೇಲೆ ಒತ್ತಿದರೆ ಇನ್ನೊಂದು ಕಿಟಕಿ ತೆರೆದು, ಮನೆಯಲ್ಲಿ ಎಷ್ಟು ಜನವೋ ಅಷ್ಟು ಸಾಲುಗಳು ಆಗಿಂದಾಗಲೇ ಹುಟ್ಟಿಕೊಳ್ಳುವುವು.

ಮಾಸ್ತರಿಗೆ ಇದರಲ್ಲಿ ಬಹಳ ಆಸಕ್ತಿ. ಪಕ್ಕದಲ್ಲೇ ಕುಳಿತು ನೋಡುವರು. ಒಮ್ಮೆ ಎಲ್ಲ ಬರೆದು ಓಡಿಸಿದರೂ ಪರದೆ ಬಯಲಾಗಿಯೇ ಉಳಿಯಿತು.

“ಎಲ್ಲಿ ಹೋತು ಊರು?”

“ಹೋಗಿಲ್ರಿ. ಹೀಂಗ ಹುಟ್ಟಿಸಿದ್ದು ಹುಟ್ಟಿದ ಕೂಡ್ಲೆ ಕಾಣೂದಿಲ್ಲ. ಇರ್ತದ, ಖರೆ ಕಾಣೂದಿಲ್ಲ. ‘ಕಾಣು’ ಅಂತ ಬ್ಯಾರೆ ಒಂದು ಸಾಲು ಬರೀಬೇಕು. ನಾನs ಮರ್ತಿದ್ದೆ.”

ಅವಳು ಆ ಸಾಲು ಬರೆದು ಮತ್ತೆ ಓಡಿಸಿದಳು. ಗುಡಿ ಓಣಿ, ಬಡಿಗೇರ ಓಣಿ, ಹೊಳೀ ದಂಡೆಯ ಓಣಿ ಎಂದು ಸಾಲುಸಾಲಾಗಿ ಮನೆಗಳು ಮೂಡಿ ನಿಂತವು. ಮಾಸ್ತರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. “ಇರತೈತಿ, ಖರೆ ಕಾಣೂದಿಲ್ಲ,” ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಸುದ್ದಿ ಹಬ್ಬಿತು. ಸಿಂಗರಹಾಳದವರು ಸಂತೆಗೆಂದು ಬಂದವರು, ಯಲ್ಲಮ್ಮನ ಗುಡ್ಡಕ್ಕೆ ಬಂದವರು, ಮಾಳಿಗೆ ಹತ್ತಿ ತಮ್ಮ ಮನೆ ನೋಡಿ ಹೋಗತೊಡಗಿದರು. ಕಿತ್ತೂರಿನಿಂದ ಬಂದ ಯಮನಪ್ಪ ತನ್ನ ಮನೆ ಕಂಡ ಕೂಡಲೇ ಕಾಲಿನ ಚಪ್ಪಲಿ ಬಿಟ್ಟ. ರಾಮದುರ್ಗದ ಪರಪ್ಪ ತನ್ನ ಮನೆ ಎರಡು ಗೇಣು ಬಡಗಣಕ್ಕೆ ಸರಿಯಬೇಕೆಂದು ಜಗಳವಾಡಿ, ಸರಿಸಿದ ಮೇಲೆ ಚಹಾ ತರಿಸಿ ಎಲ್ಲರಿಗೂ ಕುಡಿಸಿದ. ಪಟ್ಟಿ ಬೆಳೆದು ಮನೆಗಳು ನೂರಾ ನಲವತ್ತೊಂದಾದವು.

ಒಂದು ದಿನ ಬೈಲಹೊಂಗಲದಿಂದ ಕೃಷ್ಣವ್ವ ಎಂಬ ಮುದುಕಿ ಬಂದಳು. ಎಪ್ಪತ್ತರ ಮೇಲಿನ ವಯಸ್ಸು, ಕಣ್ಣು ಮಾತ್ರ ಚುರುಕು. ಓದು ಬರದು. ಗೌತಮಿ ಹೊಳೀ ದಂಡೆಯ ಓಣಿಯಲ್ಲಿ ಅವಳ ಮನೆಯನ್ನು ತೋರಿಸಿದಳು. ಮುದುಕಿ ಗಾಜಿನ ಮೇಲೆ ಬೆರಳಿಟ್ಟು, ಬೆರಳನ್ನು ನಿಧಾನ ಪಕ್ಕಕ್ಕೆ ಸರಿಸಿದಳು. ಅಲ್ಲಿ ಬರೀ ಬಯಲು, ಆಚೆಗೆ ಹೊಳೆ.

“ಬಾಜೂ ಮನಿ ಎಲ್ಲೈತಿ?”

ಮಾಸ್ತರು ಅಲ್ಲೇ ಇದ್ದರು. “ಅಲ್ಲಿ ಮನಿ ಇದ್ದಿದ್ದಿಲ್ಲ ಕೃಷ್ಣವ್ವ. ಬರೇ ಹಿತ್ತಲ.”

ಮುದುಕಿ ತಿರುಗಿ ಅವರ ಮುಖ ನೋಡಿದಳು. ಮಾಸ್ತರು ನೆಲ ನೋಡಿದರು. “ಹೌದೇನು? ಹಂಗಾದ್ರ ಹಿತ್ತಲ ಇರಬೇಕ ಬಿಡ್ರಿ,” ಎಂದವಳೇ ಸೆರಗು ಹೊದ್ದು ಮೆಟ್ಟಿಲಿಳಿದು ಹೋದಳು.

ಮರುದಿನ ಮಧ್ಯಾಹ್ನ ಗೌತಮಿ ಒಬ್ಬಳೇ ಇದ್ದಾಗ ಪ್ರೋಗ್ರಾಮ್ ತೆರೆದಳು. ಹೊರಗೆ ಬಿಸಿಲು ಕಾದ ಹಂಚಿನಂತಿತ್ತು. ಓಣಿಗಳು ಎಂದಿನಂತೆ ಮೂಡಿದವು. ಕೃಷ್ಣವ್ವನ ಮನೆಯ ಪಕ್ಕದ ಬಯಲಿನಲ್ಲಿ ಒಂದು ಬಟನ್ ಇತ್ತು.

ಹೆಸರಿಲ್ಲ. ಬರೀ ಬೂದು ಬಣ್ಣ. ಉಳಿದವು ಅಂಚಿನಲ್ಲಿ ಒಂದಿಷ್ಟು ಉಬ್ಬಿ ನಿಂತಿದ್ದರೆ, ಇದು ಒಳಕ್ಕೆ ತಗ್ಗಿತ್ತು, ಯಾರೋ ಬೆರಳಿನಿಂದ ಒತ್ತಿ ಹಿಡಿದ ಹಾಗೆ. ಗೌತಮಿ ಮೌಸ್ ಒಯ್ದು ಅದರ ಮೇಲೆ ಒತ್ತಿದಳು. ಏನೂ ಆಗಲಿಲ್ಲ. ಬೀಜದ ಬಟನ್ ತಪ್ಪಿ ಹೊರಬಿತ್ತೇನೋ ಎಂದು ನೋಡಿದರೆ ಅದು ತನ್ನ ಮೂಲೆಯಲ್ಲಿ ಮರೆಯಾಗಿಯೇ ಇತ್ತು. ಪಟ್ಟಿಯಲ್ಲಿ ನೂರಾ ನಲವತ್ತೊಂದು. ಪರದೆಯ ಮೇಲಿದ್ದ ಒಂದೊಂದು ಬಟನ್ನಿನ ಅಂಕಿಯನ್ನೂ ಜಾಗವನ್ನೂ ಪ್ರೋಗ್ರಾಮಿನಿಂದಲೇ ಬರೆಸಿ ನೋಡಿದಳು. ಅದಕ್ಕೂ ಸಿಕ್ಕಿದ್ದು ನೂರಾ ನಲವತ್ತೊಂದೇ. ಗಾಜಿನ ಮೇಲೆ ಬೆರಳಿಟ್ಟು ಓಣಿ ಓಣಿ ಎಣಿಸಿದಳು. ನೂರಾ ನಲವತ್ತೆರಡು.

ಆ ಹೊತ್ತಿಗೆ ತಾಯಿ ಸುಂದರಾಬಾಯಿ ಊಟದ ಡಬ್ಬಿ ತಂದಳು. ಗೌತಮಿ ಕುರ್ಚಿ ಸರಿಸಿ ಜಾಗ ಬಿಟ್ಟಳು ಅಷ್ಟೇ.

“ಚಂದ ಅದ ಊರು,” ಎಂದಳು ಸುಂದರಾಬಾಯಿ. ಆಮೇಲೆ ಬಗ್ಗಿ ನೋಡಿ, “ಹೊಳೀ ದಂಡೀಗೆ ಇದೊಂದಕ್ಕ ಯಾಕ ಹೆಸರಿಲ್ಲ?”

ತಾಯಿಗೂ ಅದು ಕಾಣುತ್ತಿತ್ತು. ಕಣ್ಣಿನ ಭ್ರಮೆಯಾಗಿದ್ದರೆ ಎಷ್ಟೋ ಒಳ್ಳೆಯದಿತ್ತು.

ಗೌತಮಿ ಫೋನು ಮಾಡಿ ಮಾಸ್ತರನ್ನು ಕರೆಸಿದಳು. ಅವರು ಬರುವಷ್ಟರಲ್ಲಿ ಅದು ಇರಲಿಲ್ಲ. ಮತ್ತೆ ಮತ್ತೆ ಓಡಿಸಿದರೂ ಬರಲಿಲ್ಲ. ಅವಳು ಆದದ್ದನ್ನೆಲ್ಲ ಹೇಳಿದಳು. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಮಾಸ್ತರು ನಗಲಿಲ್ಲ, ಎಲ್ಲಿ ಎಂದೂ ಕೇಳಲಿಲ್ಲ.

“ಮಿಶನ್ ಅಂದಮ್ಯಾಲೆ ಕೆಡತೈತಿ,” ಎಂದರು. “ಮತ್ತ ಬಂತಂದ್ರ ಅಳಿಸಿಬಿಡು ತಂಗಿ.”

ಅವಳು ಹಾಗೆಯೇ ಮಾಡಿದಳು. ಊರು ಮೂಡಿ ಮುಗಿದ ಮೇಲೆ ಹೆಸರಿಲ್ಲದ ಬಟನ್ ಯಾವುದಿದ್ದರೂ ಹುಡುಕಿ ತೆಗೆದುಹಾಕು ಎಂದು ನಾಲ್ಕು ಸಾಲು ಸೇರಿಸಿದಳು. ಎರಡು ದಿನ ಬಿಟ್ಟು ಅದೇ ನಡು ಮಧ್ಯಾಹ್ನದ ಹೊತ್ತಿನಲ್ಲಿ ಅದು ಮತ್ತೆ ಬಂತು. ಹೆಸರಿಲ್ಲದ್ದು ಒಂದೂ ಸಿಗಲಿಲ್ಲ ಎಂದು ಪ್ರೋಗ್ರಾಮ್ ಕೆಳಗೆ ಬರೆದು ತೋರಿಸುತ್ತಿತ್ತು. ಮೇಲೆ, ಹೊಳೆಯ ಪಕ್ಕ, ಅದು ತಗ್ಗಿಕೊಂಡು ಕೂತಿತ್ತು. ಕೋಣೆಯಲ್ಲಿ, ಕೆರೆ ಬತ್ತಿದಾಗ ಬರುವಂಥ ಹಸಿ ಕೆಸರಿನ ವಾಸನೆ. ಗೌತಮಿ ಗೋಡೆಯ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದು, ಮಧ್ಯಾಹ್ನದ ಬ್ಯಾಚಿಗೆ ರಜೆ ಕೊಟ್ಟು ಮನೆಗೆ ಹೋದಳು.

ಆ ರವಿವಾರ ಅವಳು ಬೈಲಹೊಂಗಲದ ಬಸ್ಸು ಹತ್ತಿದಳು.

ಕೃಷ್ಣವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಗೌತಮಿಯನ್ನು ಕಂಡು ಮೊರ ಕೆಳಗಿಟ್ಟಳು. “ಬರ್ರಿ ಬಾಯಾರ. ಬರ್ತೀರಿ ಅಂತ ಗೊತ್ತಿತ್ತು.”

“ಆ ಬಾಜೂ ಮನಿ ಯಾರದು?”

ಮುದುಕಿ ಜೋಳದಲ್ಲಿ ಬೆರಳಾಡಿಸಿದಳು. “ಶಟ್ಟೆವ್ವಂದು. ತೊರಗಲ್ಲ ಕಡೀಂದ ಬಂದಾಕಿ. ಗಂಡ ಸತ್ತಿದ್ದ, ಮಕ್ಕಳಿದ್ದಿದ್ದಿಲ್ಲ. ಸೂಲಗಿತ್ತಿ. ನಿಮ್ಮ ಮಾಳಗಿಗೆ ಮನಿ ನೋಡಾಕ ಬರತಾರಲ್ಲ, ಆ ನಡುವಯಸ್ಸಿನವರು, ಅವರೆಲ್ಲಾ ಅಕೀ ಕೈಯಾಗ ಹುಟ್ಟಿದವರ. ನನ್ನ ನಾಕೂ ಮಕ್ಕಳನ್ನ ಅಕಿನ ಹಿಡದಾಕಿ.”

“ಮತ್ತ ಯಾರೂ ಅಕಿ ಹೆಸರು ಯಾಕ ಹೇಳೂದಿಲ್ಲ?”

“ಹೆಂಗ ಹೇಳೂದ್ರಿ? ಹೊಸಾ ಜಾಗಾ ಹಂಚಾಕ ಒಬ್ಬೊಬ್ಬರದ ಹೆಸರ ಕರದ್ರು. ಅಕೀ ಹೆಸರ ಕರೀಲಿಲ್ಲ. ಗಂಟುಮೂಟಿ ಹೇರಿ ನಮ್ಮ ಬಂಡಿ ಹೊಂಟಾಗ ಅಕಿ ಕಟ್ಟೀ ಮ್ಯಾಲೆ ಕುಂತಿದ್ಲು. ನೀ ಬರೂದಿಲ್ಲೇನ ಅಂದೆ. ‘ಹೆಸರ ಬರಕೊಂಡ ಹೋಗ್ಯಾರವಾ, ಕರದ ಕೂಡ್ಲೆ ಬರತೇನಿ’ ಅಂದ್ಲು. ನಾಳಿ ಬಂಡಿ ಹೊಳ್ಳಿ ಕಳಸ್ತೀನಿ ತಡಿ ಅಂದೆ.” ಮುದುಕಿ ಮೊರವನ್ನು ಎತ್ತಿಕೊಂಡು ಮತ್ತೆ ಇಟ್ಟಳು. “ನಾಳಿ ಹೊಸಾ ಮನೀ ಕೆಲಸ ಬಂತು. ನಾಡದು ಮಳಿ ಬಂತು. ಆಮ್ಯಾಲೆ ನೀರ ಬಂತು. ಹೋಗಿರಬೇಕ ತೊರಗಲ್ಲಿಗೆ, ಅಂದ್ಕೊಂಡ್ವಿ ಎಲ್ಲಾರೂ. ಯಾರೂ ಹೋಗಿ ನೋಡಲಿಲ್ಲ. ಅದಕ್ಕ ಯಾರೂ ಬಾಯಿ ಬಿಡೂದಿಲ್ಲ.”

“ಹೆಸರು ಬರಕೊಂಡವರು ಯಾರು?”

“ಅದನ್ನ ಮಾಸ್ತರನ್ನ ಕೇಳ್ರಿ.”

ಸೋಮವಾರ ಮಾಸ್ತರು ಹೊಸ ಫಾರ್ಮ್ ಹಿಡಿದು ಬಂದರು. ಗೌತಮಿ ಅದನ್ನು ತೆಗೆದುಕೊಳ್ಳಲಿಲ್ಲ. ಪ್ರೋಗ್ರಾಮ್ ಓಡಿಸಿ ಕುರ್ಚಿಯನ್ನು ಅವರತ್ತ ತಿರುಗಿಸಿದಳು. ಓಣಿಗಳು ಮೂಡಿದವು. ಈ ಸಲ ಅದು ಅವರ ಎದುರೇ ಬಂತು.

ಮಾಸ್ತರು ತುಂಬ ಹೊತ್ತು ನೋಡಿದರು. ಕೈಯಲ್ಲಿದ್ದ ಫಾರ್ಮನ್ನು ಮಡಚಿ ಮೇಜಿನ ಮೇಲಿಟ್ಟರು.

“ಒತ್ತು,” ಎಂದರು.

“ಒತ್ತಿದ್ರ ಏನೂ ಆಗೂದಿಲ್ರಿ. ಪಟ್ಟಿಯೊಳಗ ಇಲ್ಲ ಅದು.”

“ಒತ್ತು ತಂಗಿ.”

ಒತ್ತಿದಳು. ಕಿಟಕಿ ತೆರೆಯಿತು. ಮನೆಯಲ್ಲಿ ಎಷ್ಟು ಜನ ಎಂದು ಪಟ್ಟಿಯಿಂದ ಓದಿದ ಮೇಲಷ್ಟೇ ಹುಟ್ಟಬೇಕಾದ ಸಾಲು, ಓದುವುದಕ್ಕೆ ಏನೂ ಇಲ್ಲದೆ ಹುಟ್ಟಿತು. ಒಂದೇ ಸಾಲು, ಖಾಲಿ. ಅದರ ಎಡತುದಿಯಲ್ಲಿ ಕರ್ಸರ್ ಮಿನುಗುತ್ತಿತ್ತು, ಬಾಗಿಲಲ್ಲಿ ನಿಂತು ಕೇಳುವವರ ಹಾಗೆ.

ಗೌತಮಿ ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟಳು. “ಹೆಸರು ಹೇಳ್ರಿ ಸರ್.”

“ನಿನಗ ಗೊತ್ತಾಗೇತಿ.”

“ನೀವ ಹೇಳಬೇಕು.”

ಮಾಸ್ತರು ಕನ್ನಡಕ ತೆಗೆದರು. “ಮನಿಗಣತಿಗೆ ನನ್ನ ಹಚ್ಚಿದ್ರು. ಅಕೀ ಮನಿಗೆ ಉತಾರ, ಕಾಗದ ಪತ್ರ ಏನೂ ಇದ್ದಿದ್ದಿಲ್ಲ. ಊರ ಜಾಗಾದಾಗ ಹಾಕ್ಕೊಂಡ ಗುಡಸಲ. ಉತಾರ ಇಲ್ಲದ್ದನ್ನ ಬರಿಬ್ಯಾಡ ಅಂತ ನನಗ ಯಾರೂ ಹೇಳಲಿಲ್ಲ ತಂಗಿ, ಸುಳ್ಳ ಯಾಕ ಹೇಳಲಿ. ಬರಕೊಂಡಿದ್ರ ನಾಲ್ಕ ಸಲ ಅಡ್ಡಾಡಿ, ಮ್ಯಾಲಿನವರ ಮುಂದ ವಾದ ಮಾಡಬೇಕಾಗಿತ್ತು. ನನಗ ಬ್ಯಾಸರಾತು. ಕಟ್ಟೀ ಮ್ಯಾಲೆ ಕುಂತು ‘ಮನಿ ಇಲ್ಲ’ ಅಂತ ಬರದೆ. ಅಕೀ ಕಟ್ಟೀ ಮ್ಯಾಲೆನ. ಬಿಸಲಾಗ ಬಂದೀರಿ ಅಂತ ಅಕಿ ಮಜ್ಜಿಗಿ ತಂದು ಕೊಟ್ಲು. ಓದಾಕ ಬರ್ತಿದ್ದಿಲ್ಲ ಅಕಿಗೆ. ‘ನನ್ನ ಹೆಸರ ಬರದ್ರೇನ್ರಿ ಮಾಸ್ತರ?’ ಅಂದ್ಲು.”

“ಏನಂದ್ರಿ?”

“ಬರದೆ ಅಂದೆ. ಮಜ್ಜಿಗಿ ಕುಡದೆ.” ಅವರು ಮುಖ ಮುಚ್ಚಿಕೊಂಡರು. “ನನ್ನ ಮಗಾನೂ ಅಕೀ ಕೈಯಾಗ ಹುಟ್ಟಿದಾಂವ.”

ಗೌತಮಿಗೆ ಮದುವೆಯಾದಾಗ ತಂದೆಯ ಮನೆಯ ರೇಶನ್ ಕಾರ್ಡಿನಿಂದ ಅವಳ ಹೆಸರು ಹೊಡೆದುಹಾಕಿದ್ದರು. ವರ್ಷದೊಳಗೆ ಗಂಡನ ಮನೆ ಬಿಟ್ಟು ಬಂದಾಗ ಅವರೂ ಹೆಸರು ಹೊಡೆದುಹಾಕಿದರು. ಎರಡು ವರ್ಷ ಅವಳು ಯಾವ ಕಾರ್ಡಿನಲ್ಲೂ ಇರಲಿಲ್ಲ. ಇದ್ದಳು, ತಿರುಗಾಡುತ್ತಿದ್ದಳು, ಕಚೇರಿಯ ಕಟ್ಟೆಯ ಮೇಲೆ ಪಾಳಿ ಹಚ್ಚಿ ಕೂರುತ್ತಿದ್ದಳು. ಒಳಗಿನವರು ತಲೆಯೆತ್ತದೆ, ಹೆಸರಿಲ್ಲ, ಮುಂದಿನವರು ಬರ್ರಿ ಎನ್ನುತ್ತಿದ್ದರು. ಮಾಸ್ತರ ಮೇಲೆ ಅವಳಿಗೆ ಬಂದ ಸಿಟ್ಟು ಆ ಕಟ್ಟೆಯಿಂದ ಎದ್ದು ಬಂದದ್ದಾಗಿತ್ತು.

“ಹೆಸರು ಹೇಳ್ರಿ,” ಎಂದಳು ಇನ್ನೊಮ್ಮೆ.

“ಶಟ್ಟೆವ್ವ,” ಎಂದರು ಮಾಸ್ತರು.

ಅವಳು ಒಂದೊಂದೇ ಅಕ್ಷರ ಒತ್ತಿದಳು. ಉಳಿಸಿದಳು. ಪಟ್ಟಿ ನೂರಾ ನಲವತ್ತೆರಡಾಯಿತು. ಹೊಳೆಯ ಪಕ್ಕದ ಬಟನ್ ಹೆಸರು ಹೊತ್ತು ಉಳಿದವುಗಳಂತೆ ಉಬ್ಬಿ ನಿಂತಿತು.

ಸಿಂಗರಹಾಳದವರನ್ನೆಲ್ಲ ಒಟ್ಟಿಗೆ ಕರೆದು ತೋರಿಸಬೇಕೆಂದು ಮಾಸ್ತರು ಮೊದಲೇ ನಿಶ್ಚಯಿಸಿದ್ದರು. ಮುಂದಿನ ರವಿವಾರ ಅರವತ್ತು ಎಪ್ಪತ್ತು ಜನ ಬಂದರು. ಮಾಳಿಗೆ ಸಾಲದೆ ಮೆಟ್ಟಿಲ ಮೇಲೂ ನಿಂತರು. ಗೌತಮಿ ಊರನ್ನು ತೆರೆದಳು. ಮಕ್ಕಳನ್ನು ಮುಂದೆ ತಳ್ಳಿ, ಇದು ನಿಮ್ಮ ಮುತ್ಯಾನ ಮನಿ, ಇದು ಊರ ಅಗಸಿ ಬಾಗಿಲ ಎಂದು ಗದ್ದಲವೋ ಗದ್ದಲ. ಬಾಗಿಲ ಬಳಿ ನಿಂತಿದ್ದ ಯಾರೋ ಹೊಳೀ ದಂಡೆಯ ಹೆಸರನ್ನು ಓದಿದರು. ಗದ್ದಲ ಒಂದೊಂದೇ ಬಾಯಿಯಿಂದ ಇಳಿದು ಹೋಯಿತು.

ಮಾಸ್ತರು ಎದ್ದು ನಿಂತರು. ಮಜ್ಜಿಗೆಯನ್ನೂ ಬಿಡದೆ ಎಲ್ಲವನ್ನೂ ಹೇಳಿದರು. ಯಾರ ಕಡೆಯೂ ಬೆರಳು ತೋರಿಸಲಿಲ್ಲ. ತಾನು ಬರೆದದ್ದು, ತಾನು ಆಡಿದ ಸುಳ್ಳು, ಅಷ್ಟೇ.

“ಮೂವತ್ತ ವರ್ಷ ಆತು,” ಎಂದ ರಾಮದುರ್ಗದ ಪರಪ್ಪ. “ಹೋದಾಕಿನ ಯಾಕ ಎಬ್ಬಸಾಕ ಹತ್ತೀರಿ? ನಾವೇನ ಅಕಿನ್ನ ದೂಡಿ ಬಂದಿಲ್ಲ.” ಜನರನ್ನು ಸರಿಸಿಕೊಂಡು ಅವನು ಮೆಟ್ಟಿಲಿಳಿದು ಹೋದ. ಅವನ ಹಿಂದೆ ಇನ್ನೂ ಎಂಟು ಹತ್ತು ಜನ ಹೋದರು.

ಕೃಷ್ಣವ್ವ ಮುಂದೆ ಬಂದಳು. ಗೌತಮಿ ಅವಳ ಕೈ ಹಿಡಿದು ಮೌಸಿನ ಮೇಲಿಟ್ಟು ಒತ್ತಿಸಿದಳು. ಕಿಟಕಿ ತೆರೆಯಿತು, ಶಟ್ಟೆವ್ವನ ಒಂದು ಸಾಲು. ಅದರ ಕೆಳಗೆ ಗೌತಮಿ ಹಿಂದಿನ ದಿನ ‘ಮತ್ತೊಬ್ಬರು’ ಎಂಬ ಚಿಕ್ಕ ಬಟನ್ ಇಟ್ಟಿದ್ದಳು. ಅದನ್ನು ಒತ್ತಿದಷ್ಟು ಸಲ ಒಂದೊಂದು ಹೊಸ ಸಾಲು ಹುಟ್ಟುವುದು.

“ಅಕಿಗೆ ಮಕ್ಕಳಿದ್ದಿದ್ದಿಲ್ಲ,” ಎಂದಳು ಕೃಷ್ಣವ್ವ, ಜನರತ್ತ ತಿರುಗಿ. “ಅಕೀ ಕೈಯಾಗ ಹುಟ್ಟಿದವರು ನಿಮ್ಮ ನಿಮ್ಮ ಹೆಸರ ಹೇಳ್ರಿ. ನನ್ನ ನಾಕ ಮಕ್ಕಳನ್ನ ಮೊದಲ ಬರಕೋರಿ ಬಾಯಾರ.”

ಗೌತಮಿ ಆ ನಾಲ್ಕು ಹೆಸರು ಬರೆದಳು. ಆಮೇಲೆ ಕಿತ್ತೂರಿನ ಯಮನಪ್ಪ, ನೆಲ ನೋಡುತ್ತ, “ನಾನೂ ಅಕೀ ಕೈಯಾಗ ಹುಟ್ಟಿದಾಂವ್ರಿ,” ಎಂದ. ಸಾಲು ಹುಟ್ಟಿತು. ಅವನ ತಂಗಿ ಹೇಳಿದಳು. ನೆರೆಗೂದಲಿನ ಒಬ್ಬ ತನ್ನದೂ ತನ್ನ ಸತ್ತ ಅಣ್ಣನದೂ ಹೇಳಿದ. ಕಿಟಕಿ ತುಂಬಿ, ಸಾಲುಗಳು ಪರದೆಯ ಕೆಳಗೆ ಇಳಿದುಹೋದವು. ಗೌತಮಿ ಬರೆಯುತ್ತಲೇ ಇದ್ದಳು. ಕೊನೆಗೆ ಮಾಸ್ತರು ತಮ್ಮ ಮಗನ ಹೆಸರು ಬರೆಸಿದರು. ಅಲ್ಲಿಗೆ ಐವತ್ತಮೂರು ಹೆಸರಾದವು.

ಅಂದಿನಿಂದ ಪರದೆಯ ಮೇಲೆ ಹೆಸರಿಲ್ಲದ ಬಟನ್ ಕರೆಯದೆ ಬಂದು ನಿಲ್ಲುವುದು ನಿಂತಿತು. ಅಷ್ಟಕ್ಕೇ ಮುಗಿಯಿತೆಂದು ಗೌತಮಿ ಅಂದುಕೊಂಡಿದ್ದಳು. ಮಾಸ್ತರಿಗೆ ಮುಗಿದಿರಲಿಲ್ಲ. ಒಂದೊಂದು ಮನೆಯ ಫಾರ್ಮಿನಲ್ಲೂ ಕೊನೆಗೆ ‘ಈಗ ಎಲ್ಲಿ’ ಎಂಬ ಕಾಲಂ ಇತ್ತು. ನೂರಾ ನಲವತ್ತೊಂದು ಮನೆಗಳಿಗೆ ಅದು ತುಂಬಿತ್ತು. “ಬದುಕ್ಯಾಳಂದ್ರ ಎಂಬತ್ತರ ಮ್ಯಾಲಾಗಿರಬೇಕು,” ಎನ್ನುವರು. “ಹೋಗಿ ಕೇಳಿ ಬರೂಣ ನಡಿ ತಂಗಿ.”

ಇಬ್ಬರೂ ರಾಮದುರ್ಗಕ್ಕೆ ಹೋಗಿ ಬಸ್ಸು ಬದಲಿಸಿ ತೊರಗಲ್ಲಿಗೆ ಹೋದರು. ಕೋಟೆಯ ಬುಡದ ಓಣಿಯಲ್ಲಿ ನಾಲ್ಕು ಕಡೆ ಕೇಳಿದ ಮೇಲೆ ಶಟ್ಟೆವ್ವನ ಚಿಕ್ಕಪ್ಪನ ಮಗಳು ಕೆಂಚವ್ವ ಎಂಬಾಕೆ ಸಿಕ್ಕಳು. ಬೆನ್ನು ಬಾಗಿತ್ತು, ನೆನಪು ಬಾಗಿರಲಿಲ್ಲ.

“ಬಂದಿದ್ಲಲ್ಲ,” ಎಂದಳು ಕೆಂಚವ್ವ. “ನಿಮ್ಮೂರ ಮುಣುಗಿದ ವರ್ಷನ. ಶ್ರಾವಣದಾಗ, ಮಟಮಟ ಮಧ್ಯಾಹ್ನ. ಇದ ಕಟ್ಟೀ ಮ್ಯಾಲೆ ಕುಂತ್ಲು.”

ಮಾಸ್ತರು ಮುಂದಕ್ಕೆ ಬಾಗಿದರು. “ಇಲ್ಲೆ ಉಳದ್ಲೇನು?”

“ಎಲ್ಲಿ ಉಳೀತಾಳ್ರಿ. ಸೀರಿ ಟೊಂಕದ ತನಕಾ ತೊಯ್ದಿತ್ತು. ಅವತ್ತ ಇಲ್ಲೆ ಒಂದ ಹನಿ ಮಳಿ ಇದ್ದಿದ್ದಿಲ್ಲ. ಒಳಗ ಬಾ ಅಂದ್ರ ಒಲ್ಲೆ ಅಂದ್ಲು. ‘ಮಾಸ್ತರು ಹೆಸರ ಬರಕೊಂಡಾರ, ಕರೀತಾರ, ನಾ ಅಲ್ಲಿ ಇರದಿದ್ರ ಹೆಂಗ? ಹೊಳ್ಳಿ ಹೋಗಬೇಕು’ ಅಂದ್ಲು. ರೊಟ್ಟಿ ತರ್ತೀನಿ ತಡಿಯವಾ ಅಂತ ಒಳಗ ಹೋಗಿ ಬಂದೆ. ಇದ್ದಿದ್ದಿಲ್ಲ. ಓಣಿ ಈ ತುದಿಯಿಂದ ಆ ತುದಿ ತನಕಾ ಬರೇ ಬಿಸಲ. ಅಕಿ ಕುಂತ ಕಲ್ಲ ನೋಡ್ರಿ, ಮೂರ ದಿನಾ ಆರಲಿಲ್ಲ.”

ಮಾಸ್ತರು ಆ ಕಟ್ಟೆಯ ಮೇಲೆಯೇ ಕೂತಿದ್ದರು. ನಿಧಾನವಾಗಿ ಎದ್ದು ನಿಂತರು. ಗೌತಮಿಯೂ ಎದ್ದಳು. ಕೆಂಚವ್ವ ತಂದಿಟ್ಟ ಚಹಾ ಹಾಗೇ ಆರಿಹೋಯಿತು.

ಹಿಂತಿರುಗುವ ಬಸ್ಸಿನಲ್ಲಿ ಹೊಳೆ ಕಂಡಾಗ ಮಾಸ್ತರು, ಕಿಟಕಿಯ ಹೊರಗೆ ನೋಡುತ್ತ, “ಜೀವಂತ ಬಂದಿದ್ಲೋ ಏನ ಸತ್ತ ಬಂದಿದ್ಲೋ,” ಎಂದರು. “ಜೀವಂತ ಬಂದಿದ್ರ, ನಾ ಹೇಳಿದ ಸುಳ್ಳ ನಂಬಿ ನೀರಿಗೆ ಹೊಳ್ಳಿ ಹೋದ್ಲು. ಸತ್ತ ಬಂದಿದ್ರ, ಸತ್ತ ಮ್ಯಾಲೂ ಅದನ್ನ ನಂಬ್ಯಾಳ. ಯಾವದ ಬೇಕಂತ ಬೇಡಿಕೊಳ್ಳಲಿ ತಂಗಿ ನಾನು?”

ಸವದತ್ತಿಯಲ್ಲಿ ಗೌತಮಿ ಅವರ ಕೈ ಹಿಡಿದು ಇಳಿಸಿಕೊಂಡಳು.

ಮರುದಿನ ಅವಳು ಶಟ್ಟೆವ್ವನ ದಾಖಲೆ ತೆರೆದು ಕೊನೆಯ ಕಾಲಮಿನ ಮುಂದೆ ಕೂತಳು. ತೊರಗಲ್ಲ ಎಂದು ಬರೆಯುವಂತಿರಲಿಲ್ಲ. ಮೃತ ಎಂದು ಬರೆಯಲು ನೋಡಿದವರಿಲ್ಲ. ಗೊತ್ತಿಲ್ಲ ಎಂದು ಬರೆಯಲು ಕೈ ಏಳಲಿಲ್ಲ, ಅದೂ ಒಂದು ಥರದ ‘ಮನಿ ಇಲ್ಲ’ ಅನಿಸಿತು. ಖಾಲಿ ಬಿಟ್ಟು ಉಳಿಸಹೋದರೆ ಪ್ರೋಗ್ರಾಮ್ ಒಪ್ಪಲಿಲ್ಲ. ಯಾವ ಕಾಲಮ್ಮೂ ಖಾಲಿ ಇರಬಾರದೆಂದು ಅವಳೇ ನಿಯಮ ಬರೆದಿದ್ದಳು. ಪ್ರೋಗ್ರಾಮಿನ ಒಳಗೆ ಹೋಗಿ ಆ ನಿಯಮವನ್ನು ತೆಗೆದುಹಾಕಿ, ಕಾಲಂ ಖಾಲಿ ಬಿಟ್ಟೇ ಮತ್ತೆ ಉಳಿಸಿದಳು.

ಹನ್ನೆರಡರ ಸುಮಾರಿಗೆ ಮಾಸ್ತರು ಮೆಟ್ಟಿಲು ಹತ್ತಿ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತರು. ಒಂದೇ ರಾತ್ರಿಯಲ್ಲಿ ಹತ್ತು ವರ್ಷ ಕಳೆದವರ ಹಾಗೆ ಕಾಣುತ್ತಿದ್ದರು.

“ಏನರ ಬರದ್ಯಾ?”

“ಏನೂ ಬರೀಲಿಲ್ರಿ.”

ತಲೆಯಾಡಿಸಿದರು. ಎದ್ದು ಹೋಗುತ್ತಾರೆಂದು ಅವಳು ಎಣಿಸಿದ್ದಳು, ಹೋಗಲಿಲ್ಲ. ಮಧ್ಯಾಹ್ನದ ಬ್ಯಾಚು ಬರುವ ತನಕ ಹಾಗೆಯೇ ಕೂತಿದ್ದರು, ಹೊಳೀ ದಂಡೆಯ ಓಣಿಯನ್ನು ನೋಡುತ್ತ. ಗೌತಮಿ ಪರದೆಯನ್ನು ಮುಚ್ಚಲಿಲ್ಲ.